ಚಹಾ, ಕೆಫೀನ್ ಮತ್ತು ನಮ್ಮ ಎದೆ

(ರಂಗಂಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಇಂಥ ವೇದಿಕೆಗಳ ಮೇಲೆ ವಚನ, ತತ್ವಪದ, ಸುರಪುರ ಸಂಸ್ಥಾನದ ಇತಿಹಾಸ ಇವುಗಳ ಮಾತು ನಡೆಯುವುದೇ ರೂಢಿ. ಈ ಸಲ ವೈದ್ಯನೊಬ್ಬನನ್ನು ಕರೆದು ‘ಕೆಫೀನ್ ಮತ್ತು ಹೃದಯ’ ಎಂಬ ವಿಷಯ ಕೊಟ್ಟಿದ್ದಾರೆ. ಆಮಂತ್ರಣ ಪತ್ರಿಕೆ ನೋಡಿದ ಹಿರಿಯರೊಬ್ಬರು ಕೇಳಿದರು: ‘ಡಾಕ್ಟರ್ ಸಾಹೇಬ್ರ, ಕೆಫೀನ್ ಅಂದ್ರ ಕಾಫಿಯೊಳಗಿಂದು. ನಮ್ಮ ಕಡಿ ಕಾಫಿ ಕುಡಿಯೋರು ಯಾರದಾರ್ರೀ?’ ಪ್ರಶ್ನೆ ನ್ಯಾಯವಾದದ್ದೇ. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬೆಳೆಯುವ ರಾಜ್ಯದಲ್ಲೇ ನಾವಿದ್ದರೂ, ಚಿಕ್ಕಮಗಳೂರಿನ ತೋಟ ನಮಗೆ ಹೈದರಾಬಾದಿಗಿಂತ ದೂರ. ಇಲ್ಲಿ ಬೆಳಗಾಗುವುದು ಚಹಾದಿಂದ. ಆದರೆ ಕಾಫಿ ಬೀಜದಲ್ಲಿರುವ ಪದಾರ್ಥವೇ ಚಹಾಪುಡಿಯಲ್ಲಿಯೂ ಇದೆ. ಜರ್ಮನಿಯ ಫ್ರೀಡ್‌ಲೀಬ್ ರುಂಗೆ ಎಂಬ ತರುಣ ರಸಾಯನಶಾಸ್ತ್ರಜ್ಞನ ಕೈಗೆ 1819ರಲ್ಲಿ ಮಹಾಕವಿ ಗಯಟೆ ಒಂದಿಷ್ಟು ಕಾಫಿ ಬೀಜ ಕೊಟ್ಟು, ಇದರೊಳಗೇನಿದೆ ನೋಡು ಎಂದಿದ್ದ. ರುಂಗೆ ಅದರಿಂದ ಬಿಳಿ ಹರಳು ತೆಗೆದ. ಕೆಲವು ವರ್ಷಗಳ ನಂತರ ಚಹಾ ಎಲೆಯಿಂದ ತೆಗೆದ ಹರಳನ್ನು ವಿಜ್ಞಾನಿಗಳು ಮೊದಲು ಬೇರೆಯದೇ ವಸ್ತುವೆಂದು ತಿಳಿದು, 1838ರ ಹೊತ್ತಿಗೆ ಎರಡೂ ಒಂದೇ ಎಂದು ಒಪ್ಪಿಕೊಂಡರು. ಹೀಗಾಗಿ ಇವತ್ತಿನ ವಿಷಯ ಮಲೆನಾಡಿನವರದಷ್ಟೇ ಅಲ್ಲ, ನಮ್ಮದೂ ಹೌದು.

ಹೃದಯದ ತೊಂದರೆ ಹೇಳಿಕೊಂಡು ಬರುವ ನಮ್ಮ ಭಾಗದ ಜನರ ಬಾಯಲ್ಲಿ ಚಹಾದ ಮೇಲೆ ಒಂದು ಗುಮಾನಿ ಇದ್ದೇ ಇರುತ್ತದೆ. ‘ಎದಿ ದಡದಡ ಅಂತದ, ಚಾ ಜಾಸ್ತಿ ಆಗ್ಯಾದೋ ಏನೋ.’ ಮನೆಯವರು ಅದಕ್ಕೆ ತಲೆಯಾಡಿಸುತ್ತಾರೆ. ಅದೇ ಮನುಷ್ಯನ ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು ಇರುತ್ತದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೆಫೀನ್ ಹೃದಯಕ್ಕೆ ಏನು ಮಾಡುತ್ತದೆ ಎಂಬುದು ಈಗ ಸಾಕಷ್ಟು ಗೊತ್ತಾಗಿದೆ. ಅದು ಮಾಡದೆ ಇದ್ದದ್ದನ್ನೂ ಅದರ ಲೆಕ್ಕಕ್ಕೆ ಬರೆದು, ಮಾಡಿದವರನ್ನು ಬಿಟ್ಟಿದ್ದೇವೆ ಎಂಬುದು ನನ್ನ ತಕರಾರು.

ಮೊದಲು ಅದು ಮಾಡುವ ಕೆಲಸ. ನಮ್ಮ ಶರೀರದ ಜೀವಕೋಶಗಳು ಶಕ್ತಿ ಖರ್ಚು ಮಾಡಿದಂತೆಲ್ಲ ಅಡಿನೋಸಿನ್ ಎಂಬ ಸಣ್ಣ ಪದಾರ್ಥ ಹೊರಬೀಳುತ್ತದೆ. 1929ರಲ್ಲಿ ಕೇಂಬ್ರಿಜ್‌ನಲ್ಲಿ ಡ್ರೂರಿ ಮತ್ತು ಸೆಂಟ್-ಜಾರ್ಜಿ ಎಂಬಿಬ್ಬರು ಹೃದಯದ ಮಾಂಸಖಂಡದಿಂದ ತೆಗೆದ ರಸವನ್ನು ಪ್ರಾಣಿಗಳ ರಕ್ತಕ್ಕೆ ಸೇರಿಸಿ ನೋಡಿದಾಗ ಹೃದಯದ ಬಡಿತ ನಿಧಾನವಾಯಿತು, ರಕ್ತನಾಳಗಳು ಅಗಲವಾದವು. ಆ ರಸದಲ್ಲಿದ್ದದ್ದು ಅಡಿನೋಸಿನ್ ಬಳಗದ ವಸ್ತು. ಈ ಸೆಂಟ್-ಜಾರ್ಜಿಗೆ ಮುಂದೆ 1937ರಲ್ಲಿ ನೊಬೆಲ್ ಬಂತು. ಅವರ ಹೆಸರನ್ನು ನೀವು ಸಿ ಜೀವಸತ್ವದ ಪಾಠದಲ್ಲಿ ಓದಿರಬಹುದು. ದಣಿದ ಅಂಗಕ್ಕೆ ‘ಸಾಕು, ಸ್ವಲ್ಪ ಸಾವಕಾಶ’ ಎಂದು ಹೇಳುವುದು ಅಡಿನೋಸಿನ್‌ನ ಕೆಲಸ. ಮಿದುಳಿಗೆ ಹೇಳಿದರೆ ನಿದ್ದೆ ಬರುತ್ತದೆ, ಹೃದಯಕ್ಕೆ ಹೇಳಿದರೆ ಬಡಿತ ತಗ್ಗುತ್ತದೆ, ರಕ್ತನಾಳಕ್ಕೆ ಹೇಳಿದರೆ ಅದು ಸಡಿಲಾಗುತ್ತದೆ. ಹೇಳಲು ಅದು ಜೀವಕೋಶದ ಮೇಲಿನ ಒಂದು ಜಾಗದಲ್ಲಿ ಹೋಗಿ ಕೂರಬೇಕು.

ಜಾತ್ರೆಯ ದಿನ ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದು ನಿಲ್ಲುವುದರೊಳಗೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದನ್ನು ನೀವೆಲ್ಲ ಮಾಡಿದ್ದೀರಿ. ಟವೆಲ್ ಮನುಷ್ಯನಲ್ಲ, ಟಿಕೀಟು ತೆಗೆಸುವುದಿಲ್ಲ, ಆದರೂ ಅದು ಅಲ್ಲಿರುವ ತನಕ ಮತ್ತೊಬ್ಬರು ಕೂರುವಂತಿಲ್ಲ. ಕೆಫೀನ್ ಮಾಡುವುದು ಇಷ್ಟೇ. ಅದರ ಆಕಾರ ಅಡಿನೋಸಿನ್‌ನ ಒಂದು ಭಾಗವನ್ನು ಹೋಲುತ್ತದೆ. ಜಾಗ ಹಿಡಿದುಕೊಂಡು ಬಿಡುತ್ತದೆ, ತಾನೇನೂ ಹೇಳುವುದಿಲ್ಲ. ‘ಸಾವಕಾಶ’ ಎಂಬ ಮಾತು ತಲುಪುವುದೇ ಇಲ್ಲ. ಚಹಾ ಕುಡಿದರೆ ಶಕ್ತಿ ಬರುತ್ತದೆ ಎನ್ನುತ್ತೇವಲ್ಲ, ಕೆಫೀನ್‌ನಲ್ಲಿ ಶಕ್ತಿ ಎಂಬುದೇನೂ ಇಲ್ಲ. ದಣಿವು ಹಾಗೆಯೇ ಇರುತ್ತದೆ, ದಣಿವಿನ ಸುದ್ದಿ ನಿಂತಿರುತ್ತದೆ. ಜೊತೆಗೆ ಒಂದಿಷ್ಟು ಅಡ್ರಿನಲಿನ್ ಹೆಚ್ಚುತ್ತದೆ.

ಇದರ ಅತ್ಯಂತ ಸ್ಪಷ್ಟ ಪುರಾವೆ ತೀವ್ರ ನಿಗಾ ಘಟಕದಲ್ಲಿ ಸಿಗುತ್ತದೆ. ಕೆಲವರಿಗೆ ಇದ್ದಕ್ಕಿದ್ದಂತೆ ಎದೆ ನಿಮಿಷಕ್ಕೆ 180, 200 ಸಲ ಹೊಡೆದುಕೊಳ್ಳಲು ಶುರುವಾಗುತ್ತದೆ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ಹಾದುಹೋಗುವ ಗಂಟಿನ ಬಳಿ ಸಂಕೇತ ಸುತ್ತು ಹೊಡೆಯುತ್ತಿರುತ್ತದೆ. ಇದಕ್ಕೆ ನಾವು ಕೊಡುವ ಸೂಜಿ ಅದೇ ಅಡಿನೋಸಿನ್. ಮೊದಲು 6 ಮಿ.ಗ್ರಾಂ, ಆಗದಿದ್ದರೆ 12, ರಕ್ತನಾಳಕ್ಕೆ ಸರ್ರನೆ ಬಿಡಬೇಕು, ಯಾಕೆಂದರೆ ರಕ್ತದಲ್ಲಿ ಅದರ ಆಯುಷ್ಯ ಕೆಲವೇ ಸೆಕೆಂಡು. ಮಾನಿಟರಿನ ಮೇಲಿನ ಗೆರೆ ಒಂದು ಗಳಿಗೆ ಸಪಾಟಾಗುತ್ತದೆ. ರೋಗಿಗೆ ‘ಜೀವ ಹೋಯ್ತು’ ಅನ್ನಿಸುತ್ತದೆ, ನೋಡುತ್ತ ನಿಂತ ಹೊಸ ನರ್ಸಿಗೂ ಹಾಗೇ ಅನ್ನಿಸುತ್ತದೆ. ಆಮೇಲೆ ಹೃದಯ ತನ್ನ ಸರಿಯಾದ ತಾಳ ಹಿಡಿಯುತ್ತದೆ. ಈ ರೋಗಿ ಸ್ವಲ್ಪ ಹೊತ್ತಿನ ಮುಂಚೆ ಗಟ್ಟಿ ಚಹಾ ಅಥವಾ ಕಾಫಿ ಕುಡಿದು ಬಂದಿದ್ದರೆ ಸೂಜಿ ಹಲವು ಸಲ ನಾಟುವುದೇ ಇಲ್ಲ. ಸೀಟಿನ ಮೇಲೆ ಟವೆಲ್ ಇದೆ! ನಾಲ್ಕು ತಾಸಿನೊಳಗೆ ಕೆಫೀನ್ ಸೇವಿಸಿದವರಲ್ಲಿ ಇದರ ಪರಿಣಾಮ ಕಡಿಮೆ ಎಂದು ಅಧ್ಯಯನವೂ ಹೇಳಿದೆ. ಹೃದಯದ ಕೆಲವು ಸ್ಕ್ಯಾನ್ ಪರೀಕ್ಷೆಗಳಲ್ಲೂ ಇದೇ ಔಷಧ ಬಳಸುವುದರಿಂದ, ಹಿಂದಿನ ದಿನದಿಂದಲೇ ಚಹಾ, ಕಾಫಿ, ಕೋಲಾ ಬಿಟ್ಟು ಬನ್ನಿ ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ನಮ್ಮವರು ಅನ್ನ ಬಿಟ್ಟು, ‘ಚಾ ಅಂದ್ರ ಊಟ ಅಲ್ಲಲ್ರೀ’ ಎಂದು ಎರಡು ಕಪ್ಪು ಹಾಕಿ ಕಲಬುರಗಿಗೆ ಹೋಗುತ್ತಾರೆ. ಪರೀಕ್ಷೆ ಆಗದೆ ಅದೇ ಬಸ್ಸಿಗೆ ವಾಪಸ್.

ಕುಡಿದ ಕೆಫೀನ್ ಮುಕ್ಕಾಲು ತಾಸಿನ ಸುಮಾರಿಗೆ ರಕ್ತದಲ್ಲಿ ತುದಿ ಮುಟ್ಟುತ್ತದೆ. ಅದರ ಅರ್ಧ ಕರಗಲು ಸಾಧಾರಣ ಐದು ತಾಸು ಬೇಕು. ಸಂಜೆ ಏಳಕ್ಕೆ ಕುಡಿದ ಚಹಾದ ಅರ್ಧ ಪಾಲು ನಡುರಾತ್ರಿಯಲ್ಲೂ ರಕ್ತದಲ್ಲೇ ಇರುತ್ತದೆ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಈ ಐದು ತಾಸು ಹದಿನೈದರ ತನಕ ಹೋಗುವುದುಂಟು, ಅದಕ್ಕೇ ಅವರಿಗೆ ದಿನಕ್ಕೆ 200 ಮಿ.ಗ್ರಾಂ ಮಿತಿ.

ಇನ್ನು ನಮ್ಮ ಕಪ್ಪಿನ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನಕ್ಕೆ 300 ದಾಟಬೇಡಿ ಎಂದು ಅವರ ಸಲಹೆ. ಅಮೆರಿಕ ಮತ್ತು ಯುರೋಪಿನವರು 400ರ ತನಕ ಬಿಡುತ್ತಾರೆ. ನಮ್ಮ ಹೋಟೆಲ್ಲಿನ ಗ್ಲಾಸು ಈ 150ರ ಅರ್ಧವನ್ನೂ ಹಿಡಿಯುವುದಿಲ್ಲ. ಅಂದರೆ ಗ್ಲಾಸಿಗೆ 15ರಿಂದ 30 ಮಿ.ಗ್ರಾಂ ಎನ್ನಿ. ಇಲ್ಲಿ ಕುದಿಸುವುದು ದುಂಡಗಿನ ಸಿಟಿಸಿ ಪುಡಿ, ಬೇಗ ರಸ ಬಿಡುವ ಜಾತಿ. ಮೇಲಾಗಿ ಅದೇ ಪಾತ್ರೆಗೆ ಮತ್ತೆ ಪುಡಿ, ಮತ್ತೆ ಹಾಲು. ಆದ್ದರಿಂದ ಹೆಚ್ಚಿನ ಅಂಕಿಯನ್ನೇ ಹಿಡಿಯೋಣ. ಹತ್ತು ಗ್ಲಾಸಿಗೆ 300. ಮುಂಜಾನೆ ಹಾಸಿಗೆಯಿಂದ ಎದ್ದಾಗ ಒಂದು, ನಾಷ್ಟಾ ಜೊತೆ ಒಂದು, ಅಂಗಡಿಗೆ ಬೀಗರು ಬಂದರೆಂದು ಒಂದು, ಅವರು ಹೋಗುವಾಗ ಮತ್ತೊಂದು. ಹೀಗೆ ಎಣಿಸಿದರೂ ಮಿತಿ ದಾಟುವವರು ನಮ್ಮಲ್ಲಿ ಕೆಲವರೇ, ಬಹುಪಾಲು ಜನ ಅದರ ಒಳಗೇ ಇದ್ದಾರೆ.

ಅಷ್ಟು ಕೆಫೀನ್‌ಗೆ ಎದೆಯ ತಾಳ ತಪ್ಪುತ್ತದೆಯೇ? ದಶಕಗಳ ಕಾಲ ವೈದ್ಯರು ಎದೆ ಝಲ್ಲೆನ್ನುವ ಎಲ್ಲರಿಗೂ ಕಾಫಿ, ಚಹಾ ಬಿಡಿ ಎಂದು ಬರೆದುಕೊಟ್ಟರು. ಪುರಾವೆ ಕೇಳಿದರೆ ಕೈಯಲ್ಲಿ ಬಹಳ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯರು ನೂರು ಜನ ಆರೋಗ್ಯವಂತರ ಎದೆಗೆ ಸದಾ ಇಸಿಜಿ ಬರೆಯುವ ಪಟ್ಟಿ ಅಂಟಿಸಿ, ಎರಡು ವಾರ ಒಂದಿಷ್ಟು ದಿನ ಕಾಫಿ ಕುಡಿಯಿರಿ, ಒಂದಿಷ್ಟು ದಿನ ಬಿಡಿ ಎಂದು ಮೊಬೈಲಿನಲ್ಲಿ ಚೀಟಿ ಎತ್ತಿ ಹೇಳಿದರು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿತ್ತು. ಹೃದಯದ ಮೇಲಿನ ಕೋಣೆಯ ತಪ್ಪು ಬಡಿತಗಳು ಕಾಫಿಯಿಂದ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಕೆಳಗಿನ ಕೋಣೆಯ ತಪ್ಪು ಬಡಿತಗಳು ದಿನಕ್ಕೆ ಸುಮಾರು 102 ಇದ್ದದ್ದು 154 ಆದವು. ಇಪ್ಪತ್ನಾಲ್ಕು ತಾಸಿನಲ್ಲಿ ಹೃದಯ ಲಕ್ಷ ಸಲ ಬಡಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿ ನೋಡಬೇಕು. ಕಾಫಿ ಕುಡಿದ ದಿನ ಜನ ಸಾವಿರ ಹೆಜ್ಜೆ ಹೆಚ್ಚು ನಡೆದರು, ಅರ್ಧ ತಾಸಿಗಿಂತ ಹೆಚ್ಚು ನಿದ್ದೆ ಕಳೆದುಕೊಂಡರು. ನನ್ನ ಗಮನ ಸೆಳೆದದ್ದು ನಿದ್ದೆಯ ಅಂಕಿ. 2025ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಂತೂ, ಏಟ್ರಿಯಲ್ ಫಿಬ್ರಿಲೇಶನ್ ಎಂಬ ತಾಳತಪ್ಪಿನ ಕಾಯಿಲೆಗೆ ವಿದ್ಯುತ್ ಚಿಕಿತ್ಸೆ ಪಡೆಯಲಿದ್ದ 200 ಜನರಲ್ಲಿ ಅರ್ಧದಷ್ಟು ಮಂದಿಗೆ ಕಾಫಿ ಬಿಡಿಸಿ, ಉಳಿದವರಿಗೆ ದಿನಕ್ಕೆ ಒಂದಾದರೂ ಕಪ್ಪು ಕುಡಿಯಲು ಹೇಳಿದರು. ಕಾಯಿಲೆ ಮರುಕಳಿಸಿದ್ದು ಬಿಟ್ಟವರಲ್ಲಿ ಶೇ 64, ಕುಡಿದವರಲ್ಲಿ ಶೇ 47. ಇದನ್ನು ಕೇಳಿ ನಾಳೆಯಿಂದ ಔಷಧವೆಂದು ಕುಡಿಯಲು ಹೋಗಬೇಡಿ. ಒಂದೇ ಪ್ರಯೋಗ, ಸಣ್ಣದು, ಕುಡಿದವರಿಗೆ ತಾವು ಕುಡಿಯುತ್ತಿದ್ದೇವೆಂದು ಗೊತ್ತಿತ್ತು. ಕೆಫೀನ್ ಹೃದಯದ ತಾಳ ಕೆಡಿಸುವ ವೈರಿ ಎಂಬ ಹಳೆಯ ಮಾತನ್ನು ಅಲುಗಾಡಿಸಲು ಮಾತ್ರ ಇಷ್ಟು ಸಾಕು.

ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ಲೆಕ್ಕದಲ್ಲಿ, ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ಪು ಚಹಾ ಕುಡಿಯುವವರ ಸಾವಿನ ಪ್ರಮಾಣ ಕುಡಿಯದವರಿಗಿಂತ ತುಸು ಕಡಿಮೆಯೇ ಇತ್ತು. ಕೆಫೀನ್ ತೆಗೆದ ಕಾಫಿ ಕುಡಿಯುವವರಲ್ಲೂ ಇಂಥದ್ದೇ ಲಾಭ ಕಂಡಿದೆ. ಅಂದರೆ ಒಳ್ಳೆಯದೇನಾದರೂ ಇದ್ದರೆ ಅದು ಕೆಫೀನ್‌ನಿಂದಲೇ ಬಂದಿರಬೇಕೆಂದಿಲ್ಲ. ಬ್ರಿಟನ್ನಿನವರ ಚಹಾ ಬಿಸಿನೀರಿನಲ್ಲಿ ಎಲೆ ಅದ್ದಿ, ಚಮಚ ಹಾಲು ಹಾಕಿದ್ದು. ಅರ್ಧ ತಾಸು ಕುದಿಸಿ, ಚಮಚ ನಿಲ್ಲುವಷ್ಟು ಸಕ್ಕರೆ ಸುರಿದ ನಮ್ಮ ಚಹಾಕ್ಕೆ ಆ ಪ್ರಮಾಣಪತ್ರ ನೇರವಾಗಿ ಅನ್ವಯಿಸುವುದಿಲ್ಲ.

ರಕ್ತದೊತ್ತಡದ ಮಾತು ಬೇರೆ. ಅಲ್ಲಿ ಕೆಫೀನ್ ನಿಜಕ್ಕೂ ಕೈ ಹಾಕುತ್ತದೆ. ಬಿಪಿ ಇರುವವರು ಒಂದೇ ಸಲಕ್ಕೆ 200ರಿಂದ 300 ಮಿ.ಗ್ರಾಂ ತೆಗೆದುಕೊಂಡರೆ ಮೇಲಿನ ಅಂಕಿ ಸರಾಸರಿ 8, ಕೆಳಗಿನದು 6ರಷ್ಟು ಏರಿ, ಮೂರು ತಾಸಿನವರೆಗೆ ಹಾಗೇ ಇರುತ್ತದೆ. ರಕ್ತನಾಳ ಸಡಿಲಿಸುವ ಅಡಿನೋಸಿನ್‌ಗೆ ಜಾಗ ಸಿಗದಿದ್ದರೆ ಇನ್ನೇನಾದೀತು! ದಿನಾ ಕುಡಿಯುವವರಲ್ಲಿ ಶರೀರ ಹೊಂದಿಕೊಳ್ಳುತ್ತದೆ, ಏರಿಕೆ ಸಣ್ಣದಾಗುತ್ತದೆ. ನಮ್ಮ ಸಣ್ಣ ಗ್ಲಾಸಿಗೆ ಇಷ್ಟು ಏರುವುದೂ ಇಲ್ಲ. ಆದರೂ ಬಿಪಿ ನೋಡುವ ಅರ್ಧ ತಾಸು ಮುಂಚೆ ಚಹಾ, ಬೀಡಿ ಎರಡೂ ಕೂಡದು, ಐದು ನಿಮಿಷ ಸುಮ್ಮನೆ ಕೂತಿರಬೇಕು ಎಂಬುದು ನಿಯಮ. ನಮ್ಮ ಆರೋಗ್ಯ ಶಿಬಿರಗಳಲ್ಲಿ ಏನಾಗುತ್ತದೆ? ಪಾಳಿಯಲ್ಲಿ ನಿಂತವರಿಗೆ ಸಂಘಟಕರು ಪ್ರೀತಿಯಿಂದ ಚಹಾ ಹಂಚುತ್ತಾರೆ. ಕುಡಿದ ಗ್ಲಾಸು ಕೆಳಗಿಟ್ಟು ತೋಳು ಚಾಚುತ್ತಾರೆ. 146 ಬರುತ್ತದೆ. ಒಬ್ಬರಿಗೆ ಬೇಡದ ಗುಳಿಗೆ ಶುರು, ಇನ್ನೊಬ್ಬರು ನಿಜವಾಗಿ ಬಿಪಿ ಇದ್ದರೂ ‘ಚಾ ಕುಡದಿದ್ದೆ, ಅದಕ್ಕ ಏರ್ಯಾದ’ ಎಂದು ಮನೆಗೆ ಹೋಗುತ್ತಾರೆ. ಎರಡನೆಯವರದು ಹೆಚ್ಚು ದುಬಾರಿ ತಪ್ಪು.

ಈಗ ನನಗೆ ಬಹಳ ಮುಖ್ಯವೆನಿಸಿದ ಮಾತಿಗೆ ಬರುತ್ತೇನೆ. ತಾಯಂದಿರು ಸ್ವಲ್ಪ ಗಮನ ಕೊಡಬೇಕು.

ಎದೆ ದಡದಡ ಅನ್ನುತ್ತದೆ, ಮೆಟ್ಟಿಲು ಹತ್ತಿದರೆ ತೇಕು ಬರುತ್ತದೆ, ಕಣ್ಣು ಕತ್ತಲಿಡುತ್ತದೆ ಎಂದು ಬರುವ ಹೆಣ್ಣುಮಕ್ಕಳ ಕಣ್ಣರೆಪ್ಪೆ ಕೆಳಗೆಳೆದು ನೋಡಿದರೆ ಬಿಳಿಚಿಕೊಂಡಿರುತ್ತದೆ. ರಕ್ತ ಕಡಿಮೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚಾಗಿದೆ, ಇಳಿದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಅರ್ಧಕ್ಕೆ ಇಳಿದರೆ ಹೃದಯ ಹೆಚ್ಚು ಸಲ, ಹೆಚ್ಚು ಜೋರಾಗಿ ಬಡಿದು ಆ ಕೊರತೆ ತುಂಬಿಸಬೇಕು. ವರ್ಷಗಟ್ಟಲೆ ಹಾಗೆ ದುಡಿದ ಹೃದಯ ದಣಿದು ದೊಡ್ಡದಾಗುತ್ತದೆ. ಈ ದಡದಡಕ್ಕೆ ಮನೆಯಲ್ಲಿ ‘ಚಾ ಕಡಿಮಿ ಮಾಡು’ ಎಂದು ಬುದ್ಧಿ ಹೇಳುತ್ತಾರೆ. ತಮಾಷೆಯೆಂದರೆ ಆ ಬುದ್ಧಿಮಾತು ಸರಿ, ಅದಕ್ಕೆ ಕೊಡುವ ಕಾರಣ ತಪ್ಪು. ಚಹಾದ ಒಗರು ರುಚಿಗೆ ಕಾರಣವಾದ ಟ್ಯಾನಿನ್ ಬಳಗದ ಪದಾರ್ಥಗಳು ಹೊಟ್ಟೆಯಲ್ಲಿ ಕಬ್ಬಿಣದ ಅಂಶವನ್ನು ಹಿಡಿದು, ಮೈಗೆ ಹತ್ತಗೊಡದೆ ಹೊರಗೆ ಒಯ್ಯುತ್ತವೆ. 1983ರ ಒಂದು ಪ್ರಯೋಗದಲ್ಲಿ ಊಟದ ಜೊತೆ ಚಹಾ ಕುಡಿದಾಗ ಕಬ್ಬಿಣ ಹೀರಿಕೆ ಶೇ 64ರಷ್ಟು ಕುಸಿಯಿತು, ಕಾಫಿಯಿಂದ ಶೇ 39ರಷ್ಟು. ಕಬ್ಬಿಣ ಕದಿಯುವ ಕೆಲಸದಲ್ಲಿ ಕಾಫಿಯನ್ನು ಹಿಂದೆ ಹಾಕಿದ್ದು ನಮ್ಮ ಚಹಾ.

ಮತ್ತೆ ನಮ್ಮ ಊಟ ನೋಡಿ. ಜೋಳದ ರೊಟ್ಟಿ, ಕಾಳಿನ ಪಲ್ಯ, ಪುಂಡಿಪಲ್ಯ. ಕಾಳು ಸೊಪ್ಪಿನ ಕಬ್ಬಿಣ ಮೊದಲೇ ಸುಲಭಕ್ಕೆ ಮೈಗೆ ಹತ್ತುವ ಜಾತಿಯಲ್ಲ. ಹತ್ತಿ ಬಿಡಿಸಲು, ನಾರಾಯಣಪುರ ಕಾಲುವೆಯ ನೀರಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳು ನಸುಕಿನಲ್ಲೇ ರೊಟ್ಟಿ ಬಡಿದು, ತಾವು ಅದೇ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ಓಡುತ್ತಾರೆ. ಅಂಗನವಾಡಿಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆಯ ರುಚಿ ಮರೆಸಲು ಅದನ್ನೂ ಚಹಾ ಜೊತೆ ನುಂಗುವವರಿದ್ದಾರೆ. ಪೌಷ್ಟಿಕತಾ ಸಂಸ್ಥೆ ಊಟಕ್ಕೆ ಒಂದು ತಾಸು ಮುಂಚೆ, ಒಂದು ತಾಸು ನಂತರ ಚಹಾ, ಕಾಫಿ ಬೇಡ ಎಂದದ್ದು ಇದಕ್ಕಾಗಿಯೇ. ಪುಂಡಿಪಲ್ಯದ ಹುಳಿ, ನಿಂಬೆಹಣ್ಣು, ಹಸಿ ಟೊಮೆಟೊ ಕಬ್ಬಿಣವನ್ನು ಒಳಗೆ ಬಿಡುತ್ತವೆ. ಚಹಾ ಬಾಗಿಲು ಹಾಕುತ್ತದೆ. ಹೃದಯಕ್ಕೆ ಚಹಾದಿಂದ ನಮ್ಮ ಭಾಗದಲ್ಲಿ ಆಗುತ್ತಿರುವ ಅತಿದೊಡ್ಡ ಹಾನಿ ಕೆಫೀನ್‌ನಿಂದ ಬಂದದ್ದಲ್ಲ, ಕುಡಿಯುವ ಹೊತ್ತಿನಿಂದ ಬಂದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ರೊಟ್ಟಿಗೂ ಚಹಾಕ್ಕೂ ನಡುವೆ ಒಂದು ತಾಸು ಬಿಡುವುದಕ್ಕೆ ದುಡ್ಡು ಖರ್ಚಾಗುವುದಿಲ್ಲ. ಆದರೆ ಹೊತ್ತು ಖರ್ಚಾಗುತ್ತದೆ. ನಸುಕಿನ ನಾಲ್ಕಕ್ಕೆ ಎದ್ದು ಆರಕ್ಕೆ ಟಂಟಂ ಹತ್ತುವ ಹೆಣ್ಣುಮಗಳಿಗೆ ಆ ಒಂದು ತಾಸು ಎಲ್ಲಿಂದ ತರುವುದು ಎಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಹೊಲದಲ್ಲಿ ಹತ್ತು ಗಂಟೆಯ ಬಿಡುವಿನಲ್ಲಿ ಚಹಾ, ಮನೆಯಲ್ಲಿ ರೊಟ್ಟಿಗೆ ಪಲ್ಯ ಎಂದು ಜಾಗ ಬದಲಿಸಬಹುದು. ಗಂಡಸರೊಬ್ಬರು ಮನೆಯಲ್ಲಿ ಕಸ ಹೊಡೆದರೆ ಹದಿನೈದು ನಿಮಿಷವಾದರೂ ಉಳಿದೀತು.

ಬೀಡಿಯ ಮಾತಿಗೆ ಬರೋಣ. ಬೀಡಿ, ಸಿಗರೇಟು ಹೃದಯದ ರಕ್ತನಾಳ ಹಾಳುಮಾಡುವುದು ನಿಮಗೆ ಗೊತ್ತು, ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆಯ ಚಿತ್ರವೂ ಇದೆ. ಚಹಾಕ್ಕೂ ಬೀಡಿಗೂ ಯಕೃತ್ತಿನೊಳಗೆ ಒಂದು ಒಳಸಂಬಂಧವಿದೆ, ಅದು ಅಷ್ಟಾಗಿ ಗೊತ್ತಿಲ್ಲ. ಕೆಫೀನ್ ಕರಗಿಸುವ ಕಿಣ್ವವನ್ನು ಬೀಡಿಯ ಹೊಗೆ ಚುರುಕುಗೊಳಿಸುತ್ತದೆ. ಈ ಕೆಲಸ ಹೊಗೆಯದು, ನಿಕೋಟಿನ್‌ನದಲ್ಲ, ಹಾಗಾಗಿ ಗುಟ್ಕಾ, ತಂಬಾಕು ಜಗಿಯುವವರಲ್ಲಿ ಹೀಗಾಗುವುದಿಲ್ಲ. ಸೇದುವವನ ಮೈಯಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು ವೇಗದಲ್ಲಿ ಕರಗುತ್ತದೆ, ಅವನಿಗೆ ಬೇಗ ಮತ್ತೊಂದು ಚಹಾ ಬೇಕಾಗುತ್ತದೆ. ಚಹಾದಂಗಡಿಯ ಮುಂದೆ ಇವೆರಡೂ ಒಟ್ಟಿಗೇ ಕೂರುವುದಕ್ಕೆ ಗೆಳೆತನದ ಜೊತೆ ಇದೂ ಒಂದು ಕಾರಣ. ಈಗ ಅವನು ಮನಸ್ಸು ಗಟ್ಟಿ ಮಾಡಿ ಬೀಡಿ ಬಿಟ್ಟನೆನ್ನಿ. ಕೆಲವೇ ದಿನಗಳಲ್ಲಿ ಕಿಣ್ವ ನಿಧಾನವಾಗುತ್ತದೆ. ಚಹಾ ಮೊದಲಿನಷ್ಟೇ, ಆದರೆ ರಕ್ತದಲ್ಲಿ ಕೆಫೀನ್ ಸುಮಾರು ಇಮ್ಮಡಿ. ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ದೆ ಇಲ್ಲ. ‘ಬೀಡಿ ಬಿಟ್ಟೆ, ಮೈಗೆ ಆಗಲಿಲ್ಲ ನೋಡ್ರಿ’ ಎಂದು ಮತ್ತೆ ಹಚ್ಚುತ್ತಾನೆ. ಬೀಡಿ ಬಿಡುವವರಿಗೆ ನಾನು ಹೇಳುವುದು ಇದು: ಅದೇ ವಾರ ಚಹಾವನ್ನೂ ಅರ್ಧಕ್ಕೆ ಇಳಿಸಿ. ಬಿಡಬೇಕೆಂದಿಲ್ಲ, ಅರ್ಧ ಸಾಕು.

ದಮ್ಮಿನ ಕಾಯಿಲೆಯವರಿಗೂ ಇಂಥದೇ ಒಂದು ಸೂಚನೆ. ನಮ್ಮ ಹಳ್ಳಿಗಳಲ್ಲಿ ಉಬ್ಬಸಕ್ಕೆ ಇವತ್ತಿಗೂ ಧಾರಾಳವಾಗಿ ಕೊಡುವ ಥಿಯೋಫಿಲಿನ್ ಗುಳಿಗೆ, ಸೂಜಿ ಕೆಫೀನ್‌ನ ಖಾಸಾ ತಮ್ಮ. ಒಂದೇ ಜಾಗದಲ್ಲಿ ಕೂರುತ್ತದೆ, ಎದೆಯನ್ನು ಇನ್ನೂ ಜೋರಾಗಿ ಓಡಿಸುತ್ತದೆ. ಅದರ ಮೇಲೆ ಭೇದಿಗೆಂದು ಸಿಪ್ರೊಫ್ಲಾಕ್ಸಸಿನ್ ಗುಳಿಗೆ ಸೇರಿದರೆ ಕೆಫೀನ್, ಥಿಯೋಫಿಲಿನ್ ಎರಡೂ ಕರಗುವುದು ತಡವಾಗುತ್ತದೆ. ಗುಳಿಗೆ ಯಾವುದೆಂದು ಡಾಕ್ಟರು ಕೇಳುತ್ತಾರೆ, ಚಹಾ ಎಷ್ಟು ಎಂದು ಕೇಳುವುದಿಲ್ಲ. ನೀವೇ ಹೇಳಿ.

ಸಕ್ಕರೆಯ ಬಗ್ಗೆ ಉದ್ದ ಹೇಳುವುದಿಲ್ಲ, ಲೆಕ್ಕ ಸಾಕು. ಗ್ಲಾಸಿಗೆ ಒಂದೇ ಚಮಚ, 5 ಗ್ರಾಂ ಎಂದರೂ ಹತ್ತು ಗ್ಲಾಸಿಗೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ, ಎಲ್ಲ ತಿನಿಸೂ ಸೇರಿ, ಇದಕ್ಕಿಂತ ಹೆಚ್ಚು ಬೇಡ, ಇದರ ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಕೆಫೀನ್ ಮಿತಿಯೊಳಗಿದ್ದಾಗಲೇ ಸಕ್ಕರೆ ಮಿತಿಯ ಅಂಚಿಗೆ ಬಂದು ನಿಂತಿರುತ್ತದೆ.

ಹಿಂದೆ ನಿಂತಿರುವ ಹುಡುಗರು ಇಷ್ಟು ಹೊತ್ತು ಇದು ಮುದುಕರ ಮಾತು ಎಂದು ನಗುತ್ತಿದ್ದೀರಿ. ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿರುವ ಎನರ್ಜಿ ಡ್ರಿಂಕ್ ನಿಮ್ಮದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಲೀಟರಿಗೆ 145ರಿಂದ 300 ಮಿ.ಗ್ರಾಂ ಕೆಫೀನ್ ಇರಬಹುದು. ಅಂದರೆ 250 ಮಿ.ಲೀ. ಬಾಟಲಿಗೆ ಹೆಚ್ಚೆಂದರೆ 75. ಒಂದು ಕಪ್ಪು ಕಾಫಿಗಿಂತ ಹೆಚ್ಚಿಲ್ಲ. ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಕೆಫೀನ್ ತಾಳದವರಿಗೆ ಬೇಡ ಎಂದೂ, ದಿನಕ್ಕೆ 500 ಮಿ.ಲೀ. ದಾಟಬೇಡಿ ಎಂದೂ ಇರುತ್ತದೆ. ಬಿಸಿ ಚಹಾವನ್ನು ಬಸಿಗೆ ಸುರಿದು ಊದಿ ಊದಿ ಕುಡಿಯುತ್ತೇವೆ, ತಣ್ಣನೆಯ ಬಾಟಲಿಯನ್ನು ಒಂದೇ ಗುಟುಕಿಗೆ ಇಳಿಸುತ್ತೀರಿ, ಗೆಳೆಯನ ಜೊತೆ ಪಂಥ ಕಟ್ಟಿ ಇನ್ನೆರಡು. 2019ರಲ್ಲಿ ಅಮೆರಿಕದಲ್ಲಿ 34 ಜನ ಆರೋಗ್ಯವಂತ ತರುಣರಿಗೆ ಸುಮಾರು ಒಂದು ಲೀಟರ್ ಇಂಥ ಪಾನೀಯ ಕುಡಿಸಿ ನೋಡಿದಾಗ ಬಿಪಿ ಏರಿತು. ಹೃದಯ ಒಂದು ಬಡಿತ ಮುಗಿಸಿ ಮತ್ತೊಂದಕ್ಕೆ ಸಜ್ಜಾಗುವ ಅವಧಿಯೂ ಇಸಿಜಿಯಲ್ಲಿ ಉದ್ದವಾಯಿತು. ಉದ್ದವಾದದ್ದು ಸೆಕೆಂಡಿನ ಸಾವಿರದಲ್ಲಿ ಆರರಿಂದ ಎಂಟು ಭಾಗ. ಎಲ್ಲರಿಗೂ ಅದರಿಂದ ಅಪಾಯವಿಲ್ಲ. ಹುಟ್ಟಿನಿಂದಲೇ ಆ ಅವಧಿ ಉದ್ದವಿರುವ ಕೆಲವರಿದ್ದಾರೆ, ಅವರಲ್ಲಿ ಹಲವರಿಗೆ ತಮಗೆ ಹಾಗಿದೆ ಎಂಬುದೇ ಗೊತ್ತಿರುವುದಿಲ್ಲ. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಯಾರಾದರೂ ದಿಢೀರ್ ತೀರಿಕೊಂಡಿದ್ದರೆ ನೀವು ಆ ಬಾಟಲಿ ಮುಟ್ಟುವುದಕ್ಕಿಂತ ಮುಂಚೆ ಒಂದು ಇಸಿಜಿ ತೆಗೆಸಿ. ವೇಣುಗೋಪಾಲಸ್ವಾಮಿ ಜಾತ್ರೆಯ ಹಾಲೋಕುಳಿಯಲ್ಲಿ ಜಾರುವ ಕಂಬ ಏರುವ ಹುಡುಗನ ಎದೆ ನಿಮಿಷಕ್ಕೆ 170 ಬಡಿದರೂ ಚಿಂತೆಯಿಲ್ಲ, ಅದು ದುಡಿಮೆಯ ಬಡಿತ. ನಿದ್ದೆಗೆಟ್ಟು, ಹೊಟ್ಟೆಗೆ ಏನೂ ಇಲ್ಲದೆ, ಮೇಲೆ ಎರಡು ಬಾಟಲಿ ಸುರಿದು ಏರುವವನ ಬಗ್ಗೆ ನನಗೆ ಭಯ. ಜಿಮ್ಮಿನಲ್ಲಿ ಡಬ್ಬಿಯಿಂದ ಚಮಚ ಎತ್ತಿ ನೀರಿಗೆ ಕಲಸುವ ಪುಡಿಗಳ ವಿಷಯವಂತೂ ಇನ್ನೂ ಬಿಗಿ. ಶುದ್ಧ ಕೆಫೀನ್ ಪುಡಿ 10 ಗ್ರಾಂ ಆಜುಬಾಜಿನಲ್ಲಿ ದೊಡ್ಡವರ ಜೀವ ತೆಗೆಯಬಲ್ಲದು, ಅಂದರೆ ಎರಡು ಮೂರು ಚಮಚ.

ಇದೇ ಪದಾರ್ಥವನ್ನು ನಾವು ತೂಕ ಮಾಡಿ ಒಂದು ಕೇಜಿ ತೂಗುವ ಕೂಸಿಗೂ ಕೊಡುತ್ತೇವೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು ಉಸಿರಾಡುವುದನ್ನೇ ಮರೆತು ನಿಲ್ಲಿಸಿಬಿಡುತ್ತವೆ. ಆಗ ಕೇಜಿಗೆ 20 ಮಿ.ಗ್ರಾಂನಂತೆ ಕೆಫೀನ್ ಸಿಟ್ರೇಟ್ ಕೊಟ್ಟು, ಮುಂದೆ ದಿನಕ್ಕೊಮ್ಮೆ ಸಣ್ಣ ಪ್ರಮಾಣ ಮುಂದುವರಿಸುತ್ತೇವೆ. ದಿನಕ್ಕೊಮ್ಮೆ ಸಾಕು, ಯಾಕೆಂದರೆ ನಮಗೆ ಐದು ತಾಸಿನಲ್ಲಿ ಅರ್ಧವಾಗುವ ಕೆಫೀನ್ ಆ ಕೂಸಿನಲ್ಲಿ ಅರ್ಧವಾಗಲು ಮೂರು ನಾಲ್ಕು ದಿನ. 2006ರಲ್ಲಿ ಎರಡು ಸಾವಿರ ಕೂಸುಗಳ ಮೇಲಿನ ದೊಡ್ಡ ಅಧ್ಯಯನ ಇದರ ಉಪಯೋಗವನ್ನು ಖಚಿತಪಡಿಸಿತು. ಕೂಸಿನ ಎದೆಬಡಿತ ತೀರ ಏರಿದರೆ ಆ ದಿನದ ಮದ್ದು ತಡೆಯುತ್ತೇವೆ. ಹೃದಯದ ಮಟ್ಟಿಗೆ ಕೆಫೀನ್ ಎಂದರೆ ಪ್ರಮಾಣ.

ಉಪವಾಸ, ರೋಜಾ ಹಿಡಿಯುವವರ ತಲೆನೋವಿನ ಬಗ್ಗೆಯೂ ಒಂದು ಮಾತು, ಹೃದಯದ್ದಲ್ಲದಿದ್ದರೂ ರಕ್ತನಾಳದ್ದೇ. ದಿನಾ ಚಹಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಹನ್ನೆರಡರಿಂದ ಇಪ್ಪತ್ನಾಲ್ಕು ತಾಸಿನೊಳಗೆ ಮಿದುಳಿನ ರಕ್ತನಾಳಗಳು ಹಿಗ್ಗಿ ತಲೆ ಸಿಡಿಯುತ್ತದೆ. ಶಿವರಾತ್ರಿಗೋ ರಂಜಾನಿಗೋ ಮುಂಚಿನ ವಾರದಿಂದ ದಿನಕ್ಕೊಂದು ಗ್ಲಾಸು ಇಳಿಸುತ್ತ ಬಂದರೆ ಈ ಕಾಟ ಇರುವುದಿಲ್ಲ.

ಮತ್ತೆ ಹೃದಯದ ಮಾತಿಗೆ ಬಂದರೆ, 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಒಂದೇ ತಿಂಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಅದರಲ್ಲಿ ಹಲವರು ಚಿಕ್ಕ ವಯಸ್ಸಿನವರು, ಹೃದಯಾಘಾತದಿಂದ ಹೋದರೆಂಬ ಸುದ್ದಿ ನಿಮಗೆ ನೆನಪಿದೆ. ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಪಾಳಿ ನಿಂತರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಸಾವುಗಳಲ್ಲಿ ಅಸಹಜ ಏರಿಕೆಯೇನೂ ಕಂಡಿಲ್ಲ ಎಂದಿತು. ತೀರಿಕೊಂಡವರಲ್ಲಿ ಸಿಕ್ಕಿದ್ದು ಹಳೆಯ ಪರಿಚಿತರೇ: ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ಮನೆತನದ ಹೃದ್ರೋಗ. ಗಾಡಿ ಓಡಿಸುವ ಚಾಲಕರು ಅವರಲ್ಲಿ ಎದ್ದು ಕಾಣುವಷ್ಟಿದ್ದರು. ನಮ್ಮಲ್ಲೂ ರಾತ್ರಿಯೆಲ್ಲ ಗಾಡಿ ಹೊಡೆಯುವವರಿದ್ದಾರೆ. ಅವರು ನಿದ್ದೆ ತಡೆಯಲು ಚಹಾ ಕುಡಿಯುತ್ತಾರೆ, ಚಹಾ ಜೊತೆ ಗುಟ್ಕಾ, ಗುಟ್ಕಾ ಜೊತೆ ಊಟ ತಪ್ಪಿಸುವುದು. ಅವರಿಗೆ ‘ಚಹಾ ಬಿಡಿ’ ಎಂದು ಹೇಳುವ ಡಾಕ್ಟರು ಸುಲಭದ ಮಾತು ಹೇಳಿದ ಹಾಗಾಯಿತು. ಮಾಲೀಕರು ಎರಡನೆಯ ಚಾಲಕನನ್ನು ಇಟ್ಟುಕೊಳ್ಳಬೇಕೆಂದು ಹೇಳುವವರು ಬೇಕು.

ಕೊನೆಯದಾಗಿ ಎದೆನೋವಿನ ಮಾತು. ನಡು ಎದೆಯಲ್ಲಿ ಹಿಂಡಿದಂತೆ, ಭಾರ ಹೇರಿದಂತೆ ನೋವು ಬಂದು, ಎಡಗೈಗೋ ಗದ್ದಕ್ಕೋ ಬೆನ್ನಿಗೋ ಹರಿದು, ಬೆವರು ಬಿಟ್ಟರೆ ನಮ್ಮ ಮೊದಲ ಚಿಕಿತ್ಸೆ ‘ಗ್ಯಾಸ್ ಆಗ್ಯಾದ’ ಎಂದು ಸೋಡಾ. ಎರಡನೆಯದು ಶುಂಠಿ ಹಾಕಿದ ಬಿಸಿ ಚಹಾ. ಇವೆರಡರಲ್ಲಿ ಒಂದು ತಾಸು ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಂಗಸರಲ್ಲಿ ಬರೀ ಸುಸ್ತು, ಹೊಟ್ಟೆ ತೊಳಸುವುದು ಇಷ್ಟೇ ಇರಬಹುದು. ಹೃದಯದ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿದ್ದರೆ ಆ ತಾಸಿನಲ್ಲಿ ಸತ್ತ ಮಾಂಸಖಂಡ ಮತ್ತೆ ಹುಟ್ಟುವುದಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ಜಿಲ್ಲಾ, ತಾಲೂಕು ದವಾಖಾನೆಗಳಲ್ಲಿ ಇಸಿಜಿ ತೆಗೆದು, ಅದನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ಅವರು ಹೇಳಿದರೆ ಅಲ್ಲೇ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ದುಬಾರಿ ಸೂಜಿಯನ್ನು ಪುಕ್ಕಟೆ ಕೊಡುತ್ತಾರೆ. ಕಲಬುರಗಿಯಲ್ಲಿ ಈಗ ಜಯದೇವ ಸಂಸ್ಥೆಯೇ ಇದೆ, ಆದರೆ ರಂಗಂಪೇಟೆಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮೊದಲು ಹತ್ತಿರದ ಸರ್ಕಾರಿ ದವಾಖಾನೆಗೆ ಹೋಗಿ ಇಸಿಜಿ ತೆಗೆಸಿ, ಅವರು ಹೇಳಿದ ಮೇಲೆ ಕಲಬುರಗಿಯ ಗಾಡಿ ಹತ್ತಿ. 108ಕ್ಕೆ ಫೋನು ಮಾಡುವ ಮುಂಚೆ ಒಲೆ ಹಚ್ಚಬೇಡಿ. ದವಾಖಾನೆಗೆ ಹೋದ ಮೇಲೆ ಕೊನೆಯ ಚಹಾ ಎಷ್ಟು ಗಂಟೆಗೆ ಕುಡಿದಿರಿ, ಯಾವ ಯಾವ ಗುಳಿಗೆ ನಡೆದಿವೆ, ಬೀಡಿ ಇದೆಯೋ ಬಿಟ್ಟಿದ್ದೀರೋ, ಇವಿಷ್ಟನ್ನೂ ಅಲ್ಲಿಯ ಡಾಕ್ಟರಿಗೆ ಹೇಳಿ.